ಗ್ವಾದ್ಲಿಯ ಪಕ್ಕ ಕೂತು ಓದಿ

ಯೇಸುಸ್ವಾಮಿ ಹುಟ್ಟಿದ ಕಥೆಯಿರುವ, ಲೂಕನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಚಿಕ್ಕವಳಿದ್ದಾಗ ಕ್ರಿಸ್ಮಸ್ ನಾಟಕದಲ್ಲಿ ದೇವದೂತಳಾಗಿದ್ದೆ. ಈಗ ಸಂಡೇ ಸ್ಕೂಲ್ ಮಕ್ಕಳಿಗೆ ನಾನೇ ಆ ಪಾಠ ಹೇಳುತ್ತೇನೆ. ಆದರೂ ವಚನಗಳು ಬಾಯಿಗೆ ಬರುತ್ತಿದ್ದವು, ಎದೆಗೆ ಇಳಿಯುತ್ತಿರಲಿಲ್ಲ. ನಿಮಗೂ ಹಾಗೇ ಆಗಿದ್ದರೆ, ಈ ಡಿಸೆಂಬರ್‌ನಲ್ಲಿ ಹೀಗೆ ಮಾಡಿ ನೋಡಿ.

ಮೊದಲು ಸತ್ಯವೇದ ಮುಚ್ಚಿಟ್ಟು, ನೆನಪಿರುವಷ್ಟು ಕಥೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಲೂಕ 2ರ ಮೊದಲ 20 ವಚನ, ಮತ್ತಾಯ 2ರ ಮೊದಲ 12 ವಚನ ಗಟ್ಟಿಯಾಗಿ ಓದಿ. ಅಲ್ಲಿ ಇಲ್ಲದ್ದನ್ನೆಲ್ಲ ಹಾಳೆಯಲ್ಲಿ ಹೊಡೆದುಹಾಕಿ. ತಾಯಿ ಮರಿಯಳು ಕೂತು ಬಂದ ಕತ್ತೆ ಇಲ್ಲ. ಕೂಸನ್ನು ನೋಡಲು ಮೂಡಣ ದೇಶದಿಂದ ಬಂದ ಜೋಯಿಸರು ಮೂವರು ಅಂತ ಎಲ್ಲೂ ಇಲ್ಲ, ಮೂರು ಇರುವುದು ಕಾಣಿಕೆ. ಬಾಗಿಲು ಹಾಕಿಕೊಂಡ ಛತ್ರದ ಯಜಮಾನನೂ ಇಲ್ಲ.

ಈಗ ಒಂದೇ ಒಂದು ಪದ ಹಿಡಿದುಕೊಳ್ಳಿ. ಜಾಸ್ತಿ ಬೇಡ. ನಾನು ಹಿಡಿದದ್ದು ಗೋದಲಿ, ಅಂದರೆ ಕೂಸು ಯೇಸುವನ್ನು ಮಲಗಿಸಿದ, ದನಕ್ಕೆ ಮೇವು ಹಾಕುವ ತೊಟ್ಟಿ.

ಚರ್ಚಿನಲ್ಲಿ ಗೋದಲಿ ಅಂದರೆ ಬಣ್ಣದ ಕಾಗದ, ಸೀರಿಯಲ್ ಲೈಟು. ಗದಗದ ಹತ್ತಿರದ ನನ್ನ ತವರಿನಲ್ಲಿ ಅದು ದಿನಾ ಬಳಸುವ ಮಾತು, ಗ್ವಾದ್ಲಿ ಅಂತಾರೆ. ಅಜ್ಜಿ ಮನೆಯಲ್ಲಿ ತಲೆಬಾಗಿಲು ದಾಟಿದರೆ ಮೊದಲು ಎತ್ತು, ಎಮ್ಮೆ. ಎರಡು ಮೆಟ್ಟಿಲು ಹತ್ತಿದರೆ ಪಡಸಾಲಿ, ನಾವು ಮಲಗುವ ಜಾಗ. ಬೆಳಿಗ್ಗೆ ಗ್ವಾದ್ಲಿಯಲ್ಲಿ ಉಳಿದ ಕಣಕಿ ಬಳಿದು ತೆಗೆಯುವ ಕೆಲಸ ನನ್ನದು. ದನಗಳ ನಾಲಿಗೆ ತಾಗಿ ತಾಗಿ ಅದರ ಅಂಚು ನುಣ್ಣಗಾಗಿತ್ತು. ಕೈಗೆ ಜೊಲ್ಲಿನ ತೇವ ಹತ್ತುತ್ತಿತ್ತು. ರಾತ್ರಿ ಎಮ್ಮೆ ಉಸಿರಾಡುವುದು ಹಾಸಿಗೆಯಲ್ಲಿದ್ದ ನಮಗೆ ಕೇಳುತ್ತಿತ್ತು.

ಆ ಕಾಲದ ಬೇತ್ಲೆಹೇಮಿನ ಕಡೆಯ ಮನೆಗಳೂ ಹೀಗೇ ಇದ್ದವು, ಕೆಳಗೆ ದನ, ಮೇಲೆ ಜನ ಅಂತ ಕೆಲವು ಪಂಡಿತರು ಹೇಳುತ್ತಾರೆ. ಅವರಿಗೆ ಛತ್ರದಲ್ಲಿ ಜಾಗವಿರಲಿಲ್ಲ ಅನ್ನುವ 7ನೇ ವಚನದಲ್ಲಿ, ನಮ್ಮ ಹಳೆಯ ಅನುವಾದದಲ್ಲಿ 'ಛತ್ರ' ಅಂತ ಇರುವ ಕಡೆ ಗ್ರೀಕ್ ಮೂಲದಲ್ಲಿ ಇರುವುದು 'ಕತಾಲುಮಾ'. ಅತಿಥಿಗಳ ಕೋಣೆ ಅಂತಲೂ ಅದಕ್ಕೆ ಅರ್ಥವಿದೆ. ಯೇಸುಸ್ವಾಮಿ ಹೇಳಿದ ಸಾಮ್ಯದಲ್ಲಿ, ಗಾಯಗೊಂಡವನನ್ನು ಸಮಾರ್ಯ ಸೀಮೆಯವನು ಕರೆದೊಯ್ದ ಛತ್ರಕ್ಕೆ ಲೂಕ 10:34ರಲ್ಲಿ ಬೇರೆಯೇ ಪದವಿದೆ. ಹಾಗಾದರೆ ನೆಂಟರ ಕೋಣೆ ತುಂಬಿತ್ತು, ಮನೆಯವರು ತಮ್ಮ ನಡುವೆಯೇ ಜಾಗ ಮಾಡಿಕೊಟ್ಟರು ಅಂತಲೂ ಓದಬಹುದು, ಅಲ್ವಾ? ಹಾಗೆ ಓದಿದ ದಿನ ನನಗೆ ಕಣ್ಣು ತುಂಬಿತು. ನಮ್ಮ ಅಜ್ಜಿಯಂಥ ಒಬ್ಬಾಕೆ ಗ್ವಾದ್ಲಿ ಬಳಿದು, ಒಣ ಹುಲ್ಲು ಹಾಸಿ, ಮೇಲೆ ಹಳೆ ಬಟ್ಟೆ ಮಡಚಿ ಹಾಕುವುದು ಕಂಡ ಹಾಗಾಯಿತು. ಇದು ವಚನದಲ್ಲಿಲ್ಲ. ಇಂಥದ್ದನ್ನು ಬೇರೆ ಹಾಳೆಯಲ್ಲೇ ಬರೆದಿಡಿ, ಎರಡೂ ಬೆರೆಯಬಾರದು.

ದನ ಸಾಕಿ ಗೊತ್ತಿಲ್ಲದವರು ನಿಮ್ಮ ಬದುಕಿಗೆ ತಾಗುವ ಪದ ಹುಡುಕಿ. ರಾತ್ರಿ ಪಾಳಿಯವರಿಗೆ ಲೂಕ 2ರ 8ನೇ ವಚನದ ಕುರುಬರಿದ್ದಾರೆ, ಅವರೂ ರಾತ್ರಿ ಕಾವಲಿಗಿದ್ದವರೇ. ಕಾಗದಪತ್ರ ಹಿಡಿದು ಕಚೇರಿಗೆ ಅಲೆದವರಿಗೆ ಮೊದಲ ವಚನದ ಖಾನೇಷುಮಾರಿ, ಅಂದರೆ ಜನಗಣತಿ ಇದೆ.

ಮತ್ತಾಯ 1ರಲ್ಲಿರುವ ಯೇಸುವಿನ ವಂಶಾವಳಿಯನ್ನೂ ಹಾರಿಸಬೇಡಿ. ಮರಿಯಳಿಗಿಂತ ಮುಂಚೆ ಅಲ್ಲಿ ನಾಲ್ಕು ಹೆಂಗಸರಿದ್ದಾರೆ: ತಾಮಾರಳು, ರಹಾಬಳು, ರೂತಳು, ಊರೀಯನ ಹೆಂಡತಿ. ದಿನಕ್ಕೊಬ್ಬರಂತೆ ಹಳೆ ಒಡಂಬಡಿಕೆಯಲ್ಲಿ ಅವರ ಕಥೆ ಓದಿ.

ಇದರ ಜೊತೆಗೆ ಡಿಸೆಂಬರ್ 1ರಿಂದ ದಿನಕ್ಕೆ ಲೂಕನ ಒಂದು ಅಧ್ಯಾಯ. 24 ಅಧ್ಯಾಯ, 24 ದಿನ. 22ನೇ ತಾರೀಕಿಗೆ 22ನೇ ಅಧ್ಯಾಯ ಬರುತ್ತದೆ. ಅದರ 11ನೇ ವಚನದಲ್ಲಿ, ಶಿಷ್ಯರ ಜೊತೆ ಪಸ್ಕ ಅನ್ನುವ ಯೆಹೂದ್ಯರ ಹಬ್ಬದ ಊಟ ಮಾಡಲು ಒಂದು ಕೋಣೆ ಎಲ್ಲಿದೆ ಅಂತ ಯೇಸುಸ್ವಾಮಿ ಕೇಳಿ ಕಳಿಸುತ್ತಾರೆ. ಮೂಲದಲ್ಲಿ ಅಲ್ಲೂ ಕತಾಲುಮಾ ಅಂತಲೇ ಇದೆ. ಹುಟ್ಟಿದಾಗ ಸಿಗದ ಜಾಗ, ಸಾಯುವ ಹಿಂದಿನ ರಾತ್ರಿ ಸಿಕ್ಕಿತು. ಆ ದಿನ ಮುಂದಕ್ಕೆ ಓದುವ ಅವಸರ ಬೇಡ, ಸ್ವಲ್ಪ ಹೊತ್ತು ಸುಮ್ನೆ ಕೂತಿರಿ.