ಶನಿವಾರ ಸಂಜೆ ಸಿಕ್ಕಿದ ಮೇಸ್ತ್ರಿ

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 1986ರಲ್ಲಿ ಮಾವ ಕಟ್ಟಿಸಿದ ಮನೆ. ಗೋಡೆ ಗಟ್ಟಿ, ಮೌಲ್ಡಿಂಗ್ ಗಟ್ಟಿ. ಕೆಟ್ಟಿದ್ದು ಎರಡು ಬಾತ್‌ರೂಮು ಮತ್ತು ಅಡುಗೆಮನೆ. ಮಹಡಿ ಬಾತ್‌ರೂಮಿನ ನೀರು ಜಿನುಗಿ ಕೆಳಗೆ ದೇವರ ಮನೆಯ ತಾರಸಿಯಲ್ಲಿ ತಟ್ಟೆಯಷ್ಟು ಅಗಲ ಹಳದಿ ಕಲೆ ಕೂತಿತ್ತು. ಅತ್ತೆ ಮಂಗಳಾರತಿ ಎತ್ತಿದಾಗಲೆಲ್ಲ ಮೊದಲು ಆ ಕಲೆ ನೋಡುತ್ತಿದ್ದರು, ಆಮೇಲೆ ದೇವರನ್ನು.

ಮೊದಲ ಸಲ ನಾನು ಕಡಿಮೆ ರೇಟು ನೋಡಿ ಬಿದ್ದೆ. ಕಾಂಟ್ರಾಕ್ಟರ್ ಮನೆಗೆ ಬಂದು ಹತ್ತು ನಿಮಿಷ ನಿಂತರು, ಒಂದು ಹಾಳೆಯಲ್ಲಿ 'ಬಾತ್‌ರೂಮ್ ರಿಪೇರಿ, ಒಟ್ಟು' ಅಂತ ಬರೆದುಕೊಟ್ಟರು. ಅರ್ಧ ಅಡ್ವಾನ್ಸ್ ಕೇಳಿದರು, ಕೊಟ್ಟೆವು. ಎರಡೇ ದಿನದಲ್ಲಿ ಟೈಲ್ಸ್ ಎಲ್ಲ ಒಡೆದು ಗುಡ್ಡೆ ಹಾಕಿದರು. ಮೂರನೇ ದಿನದಿಂದ ಆಳುಗಳೇ ಇಲ್ಲ. 'ನಾಳೆ ಬರ್ತಾರೆ ಮೇಡಂ' ಅನ್ನುವುದು ಮೂರು ವಾರ ನಡೆಯಿತು, ಆಮೇಲೆ ಫೋನೂ ಎತ್ತಲಿಲ್ಲ. 80,000 ರೂಪಾಯಿ ಹೋಯಿತು. ಎಲ್ಲರೂ ಸ್ನಾನಕ್ಕೆ ಕೆಳಗಿನ ಬಾತ್‌ರೂಮಿಗೆ ಕ್ಯೂ ನಿಂತೆವು.

ಎರಡನೇ ಸಲ ಹುಡುಕಾಟ ಶುರು ಮಾಡಿದ್ದು ಹಾರ್ಡ್‌ವೇರ್ ಅಂಗಡಿಯಿಂದ. 'ಒಳ್ಳೆ ಮೇಸ್ತ್ರಿ ಯಾರಿದ್ದಾರೆ?' ಅಂತ ಕೇಳಿದರೆ ಅಂಗಡಿಯವರು ತಮ್ಮಲ್ಲಿ ಜಾಸ್ತಿ ಮಾಲು ಎತ್ತುವವರ ಹೆಸರು ಹೇಳುತ್ತಾರೆ, ಅದು ಸಹಜ. ಅದಕ್ಕೆ ಬೇರೆ ಥರ ಕೇಳಿದೆ: 'ನಿಮ್ಮಲ್ಲಿ ಬಾಕಿ ಉಳಿಸಿಕೊಳ್ಳದವರು ಯಾರು?' ಅವರು ನಕ್ಕುಬಿಟ್ಟರು. 'ಹಾಗೆ ಕೇಳಿದ್ರೆ ಇಬ್ರೇ ಇರೋದು ಅಮ್ಮ' ಅಂತ ಎರಡು ನಂಬರ್ ಕೊಟ್ಟರು.

ಅವರಲ್ಲಿ ಒಬ್ಬರು ವಿಜಯನಗರದಲ್ಲಿ ಒಂದು ಮನೆ ಕೆಲಸ ಮಾಡಿಸುತ್ತಿದ್ದರು. ಬೇಕಂತಲೇ ಶನಿವಾರ ಸಂಜೆ ಐದೂವರೆಗೆ ಅಲ್ಲಿಗೆ ಹೋದೆ. ಶನಿವಾರ ಬಟವಾಡೆ, ಅಂದರೆ ವಾರದ ಕೂಲಿ ಕೊಡುವ ದಿನ. ಮೇಸ್ತ್ರಿ ಸಿಮೆಂಟ್ ಮೂಟೆ ಮೇಲೆ ಕೂತು, ಹಾಜರಿ ಪುಸ್ತಕ ನೋಡಿಕೊಂಡು ಒಬ್ಬೊಬ್ಬರ ಕೈಗೂ ದುಡ್ಡು ಎಣಿಸಿ ಕೊಡುತ್ತಿದ್ದರು. ಬಾಂಡ್ಲಿ ತೊಳೆಯುತ್ತಿದ್ದ ಹೆಂಗಸನ್ನು ಕೇಳಿದೆ, ಇವರ ಜೊತೆ ಎಷ್ಟು ದಿನದಿಂದ ಇದ್ದೀರಿ ಅಂತ. 'ಆರು ವರ್ಷ ಆಯ್ತು ಅಕ್ಕಾ. ಮಳೆ ಬಂದು ಕೆಲಸ ನಿಂತ ವಾರಾನೂ ಹಿಂದಿನ ಲೆಕ್ಕ ನಿಲ್ಸಿಲ್ಲ' ಅಂದಳು. ನನಗೆ ಬೇಕಾಗಿದ್ದು ಇದೇ. ನಮ್ಮ ಮನೆ ಅರ್ಧಕ್ಕೆ ನಿಂತಿದ್ದರ ಗುಟ್ಟು ಆಮೇಲೆ ಗೊತ್ತಾಗಿತ್ತು: ನಾವು ಕೊಟ್ಟ ಅಡ್ವಾನ್ಸು ಇನ್ನಾರದೋ ಮನೆಯ ಹಳೇ ಬಟವಾಡೆಗೆ ಹೋಗಿತ್ತು. ಆಳುಗಳಿಗೆ ಕೂಲಿ ಸಿಗಲಿಲ್ಲ, ಅವರು ಬೇರೆ ಕಡೆ ಹೋದರು.

ಅದೇ ಮೇಸ್ತ್ರಿ ಮೂರು ವರ್ಷದ ಹಿಂದೆ ಮಾಡಿದ ಒಂದು ಬಾತ್‌ರೂಮನ್ನೂ ನೋಡಿಬಂದೆ. ಹೊಸದಾಗಿ ಮುಗಿದ ಕೆಲಸ ಎಲ್ಲರದ್ದೂ ಚೆನ್ನಾಗೇ ಕಾಣುತ್ತೆ ಅಲ್ವಾ? ಮನೆಯವರ ಒಪ್ಪಿಗೆ ಕೇಳಿ ಒಂದು ರೂಪಾಯಿ ನಾಣ್ಯದಿಂದ ಟೈಲ್ಸ್ ಮೇಲೆಲ್ಲ ತಟ್ಟಿದೆ. ಕೆಳಗೆ ಗಾರೆ ತುಂಬಿದ್ದರೆ ಗಟ್ಟಿ ಸದ್ದು, ಟೊಳ್ಳಿದ್ದರೆ 'ಡಬ್' ಅನ್ನುತ್ತೆ. ಬಾಗಿಲ ಹತ್ತಿರ ಎರಡು ಕಡೆ ಮಾತ್ರ ಟೊಳ್ಳಿತ್ತು. ಒಂದು ಬಕೆಟ್ ನೀರು ಸುರಿದೆ, ಮೂಲೆಯಲ್ಲಿ ಎಲ್ಲೂ ನಿಲ್ಲದೆ ಜಾಲರಿಗೆ ಹರಿಯಿತು.

ಆದರೂ ಮನಸ್ಸು ಪೂರ್ತಿ ಒಪ್ಪಿದ್ದು ಅವರು ನಮ್ಮ ಮನೆಗೆ ಬಂದ ದಿನ. ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆ ತೆಗೆಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ನಾನು ರೇಟು ಕೇಳಿದ್ದ ಬೇರೆ ಮೂವರು ಕಾಂಟ್ರಾಕ್ಟರುಗಳು 'ಅದಕ್ಕೇನಂತೆ, ಒಡೆದು ಒಂದು ಬೀಮ್ ಕೊಟ್ರಾಯ್ತು' ಅಂದಿದ್ದರು. ಇವರು ಗೋಡೆ ಅಳೆದರು, ಒಂಬತ್ತು ಇಂಚು. ಮಹಡಿಗೆ ಹೋಗಿ ನೋಡಿಬಂದರು. 'ಅಮ್ಮಾ, ಮೇಲಿನ ಗೋಡೆ ಇದರ ಮೇಲೇ ಕೂತಿದೆ. ಇಂಜಿನಿಯರ್ ಬಂದು ನೋಡಿ ಬರ್ಕೊಡ್ದೆ ನಾನು ಸುತ್ತಿಗೆ ಹಾಕಲ್ಲ' ಅಂದರು. ಇಂಜಿನಿಯರ್ ಬಂದರು, ಅವರೂ ಬೇಡ ಅಂದರು. ಗೋಡೆ ಇವತ್ತಿಗೂ ಹಾಗೇ ಇದೆ.

ಸೋರಿಕೆಗೂ ಅವರು ನಿಂತಲ್ಲೇ ರೇಟು ಹೇಳಲಿಲ್ಲ. ಎರಡು ರಾತ್ರಿ ಮಹಡಿಗೆ ನೀರು ಬರುವ ವಾಲ್ವ್ ಮುಚ್ಚಿಸಿದರು. ಕಲೆ ಒಣಗುವ ಲಕ್ಷಣ ಕಂಡಿತು. ಆಮೇಲೆ ವಾಲ್ವ್ ಬಿಟ್ಟು, ನೆಲಕ್ಕೆ ಮಾತ್ರ ನೀರು ಬೀಳದಂತೆ ನೋಡಿಕೊಂಡರು. ಆಗ ಮತ್ತೆ ಒದ್ದೆ. ತಪ್ಪು ನೆಲದ್ದಲ್ಲ, ಗೋಡೆಯೊಳಗಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ತುಕ್ಕು ಹಿಡಿದಿತ್ತು.

ಅವರ ಎಸ್ಟಿಮೇಟು ಉಳಿದವರಿಗಿಂತ 35,000 ಜಾಸ್ತಿ. ಯಜಮಾನರು ಗೊಣಗಿದರು. ಇನ್ನೊಂದು ಕಡೆಯ ಎಸ್ಟಿಮೇಟು ಕಡಿಮೆ ಕಂಡರೂ ಕೊನೇ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಜಿಎಸ್‌ಟಿ ಪ್ರತ್ಯೇಕ ಅಂತಿತ್ತು. ಶೇಕಡಾ 18 ಸೇರಿಸಿದರೆ ಅದೇ ದುಬಾರಿ.

ಸ್ಟಾಂಪ್ ಪೇಪರಿನಲ್ಲಿ ಕರಾರು ಬರೆಸಿದೆವು. ಯಾವ ಕಂಪನಿಯ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪು, ಸಿಂಕ್ ಕೆಳಗಿನ ಪ್ಲೈವುಡ್ ಮೇಲೆ ನೀರು ತಾಳುವ ಮರೈನ್ ಪ್ಲೈ ಅಂತ ಸೂಚಿಸುವ ಐಎಸ್ 710 ಗುರುತು ಇರಬೇಕು, ಒಡೆದ ಮಣ್ಣುಕಲ್ಲು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಯಾರದ್ದು, ಎಕ್ಸ್‌ಟ್ರಾ ಕೆಲಸಕ್ಕೆ ಮೊದಲೇ ರೇಟು ಬರೆದು ಸಹಿ ಹಾಕಬೇಕು, ಎಲ್ಲ ಇತ್ತು. ಅಡ್ವಾನ್ಸ್ ಶೇಕಡಾ 10. ಉಳಿದದ್ದು ಕೆಲಸ ಆದ ಹಾಗೆ. ಕೊನೇ ಶೇಕಡಾ 10 ಮಳೆಗಾಲ ಕಳೆದ ಮೇಲೆ ಅಂದೆ. 'ಅಷ್ಟು ದಿನ ನನ್ ದುಡ್ಡು ಹಿಡ್ಕೊಂಡ್ರೆ ಹೆಂಗಮ್ಮ?' ಅಂತ ಜಗಳಕ್ಕೇ ಬಂದರು. ಕೊನೆಗೆ ಶೇಕಡಾ 5ಕ್ಕೆ ಇಬ್ಬರೂ ಒಪ್ಪಿದೆವು.

ವಾಟರ್‌ಪ್ರೂಫಿಂಗ್ ಆದ ಮೇಲೆ ಜಾಲರಿ ಮುಚ್ಚಿ ನೀರು ಕಟ್ಟಿ, ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು 48 ಗಂಟೆ ಬಿಟ್ಟರು. ಎರಡನೇ ದಿನ ನೀರು ಗೆರೆಗಿಂತ ಒಂದು ಬೆರಳು ಇಳಿದಿತ್ತು. ನಾನು ನೋಡುವ ಮೊದಲೇ ಅವರೇ ಕರೆದು ತೋರಿಸಿದರು. ಪೈಪು ಬರುವ ಮೂಲೆ ಕೆತ್ತಿ ಮತ್ತೆ ಮಾಡಿದರು. ಐದು ದಿನ ತಡವಾಯಿತು, ಅದಕ್ಕೆ ದುಡ್ಡು ಕೇಳಲಿಲ್ಲ.

40 ದಿನ ಅಂದದ್ದು 52 ಆಯಿತು. ಅದರಲ್ಲಿ ಒಂದು ವಾರ ನನ್ನದೇ ತಪ್ಪು, ಮಧ್ಯದಲ್ಲಿ ಟೈಲ್ಸ್ ಬಣ್ಣ ಬದಲಾಯಿಸಿದೆ. ಗೋಡೆ ಮುಚ್ಚುವ ಮೊದಲು ಪೈಪುಗಳ ಫೋಟೋ ತೆಗೆದಿಟ್ಟುಕೊಳ್ಳಿ ಅಂತ ಹೇಳಿದ್ದೂ ಅವರೇ. ಗೀಸರ್ ಕೂರಿಸಲು ಡ್ರಿಲ್ ಹಾಕುವಾಗ ಆ ಫೋಟೋ ನಮ್ಮನ್ನು ಕಾಪಾಡಿತು.

ಅಕ್ಟೋಬರ್ ಮಳೆ ಕಳೆದ ಮೇಲೆ ಕೊನೇ ಕಂತಿಗೆ ಕರೆದೆ. ಚಪ್ಪಲಿ ಬಿಟ್ಟು ನೇರ ದೇವರ ಮನೆ ಬಾಗಿಲಿಗೆ ಹೋಗಿ ತಲೆ ಎತ್ತಿ ನೋಡಿದರು. ಅತ್ತೆ ಕಾಫಿ ಕೊಟ್ಟರು. ಅರ್ಧ ಕುಡಿದು, ದುಡ್ಡು ಎಣಿಸಿ ಜೇಬಿಗಿಟ್ಟು ಎದ್ದರು. ಅವತ್ತೂ ಶನಿವಾರ. 'ಬಟವಾಡೆಗೆ ಹೊತ್ತಾಯ್ತು ಅಮ್ಮಾ' ಅಂತ ಬೈಕ್ ಹತ್ತಿದರು.