ಚಿಲ್ಲರ್ ಸರ್ಜ್ ಆಗ್ತಿದ್ರೆ ಕಂಪ್ರೆಸರ್ ಬಿಚ್ಚೋಕೆ ಮುಂಚೆ ಇಷ್ಟು ನೋಡಿ

ಸೆಂಟ್ರಿಫ್ಯೂಗಲ್ ಚಿಲ್ಲರ್ (ದೊಡ್ಡ ಎಸಿಗೆ ನೀರು ತಂಪು ಮಾಡೋ ಮಷೀನು) ಉಬ್ಬಸ ಬಂದೋರ ಥರ ಗುಫ್ ಗುಫ್ ಅಂತಿದೆ, ಮೋಟಾರ್ ಆಂಪ್ಸ್ ಮೇಲೆ ಕೆಳಗೆ ಓಲಾಡ್ತಿದೆ ಅಂದ್ರೆ ಅದು ಸರ್ಜ್, ಇಂಪೆಲ್ಲರ್ (ಕಂಪ್ರೆಸರ್ ಒಳಗೆ ತಿರುಗೋ ಚಕ್ರ) ತಳ್ಳಿದ ಗ್ಯಾಸು ಕಂಡೆನ್ಸರ್ (ಗ್ಯಾಸು ತಣ್ಣಗಾಗಿ ದ್ರವ ಆಗೋ ಭಾಗ) ಪ್ರೆಶರ್ ಮೀರೋಕಾಗ್ದೆ ವಾಪಸ್ ನುಗ್ತಿದೆ ಅಂತ ಅರ್ಥ. ಕಂಪ್ರೆಸರೇ ಹೋಯ್ತು ಅಂದ್ಕೋಬೇಡಿ, ಬಹಳ ಸಲ ತೊಂದ್ರೆ ಕಂಡೆನ್ಸರ್ ಕಡೆ ಇರತ್ತೆ.

ಮೊದ್ಲು ಅಪ್ರೋಚ್ ನೋಡಿ. ಕಂಡೆನ್ಸರ್ ಸ್ಯಾಚುರೇಷನ್ ಟೆಂಪರೇಚರಲ್ಲಿ (ಅಲ್ಲಿನ ಪ್ರೆಶರಿಗೆ ಗ್ಯಾಸು ದ್ರವ ಆಗೋ ಟೆಂಪರೇಚರ್) ಹೊರಗೆ ಹೋಗೋ ನೀರಿನ ಟೆಂಪರೇಚರ್ ಕಳೀರಿ, ಉಳಿಯೋದೇ ಅಪ್ರೋಚ್, ಅದೇ ಲೋಡಲ್ಲಿ ಹಳೇ ಲಾಗ್ ಬುಕ್ಕಲ್ಲಿ ಎಷ್ಟಿತ್ತು ಅಂತ ಹೋಲಿಸಿ. ಏರಿದ್ರೆ ಟ್ಯೂಬಲ್ಲಿ ಸ್ಕೇಲ್ ಕೂತಿರತ್ತೆ ಇಲ್ಲಾ ಒಳಗೆ ಗಾಳಿ ಸೇರಿರತ್ತೆ. ನಾನು ಒಂದ್ಸಲ ಮೂರು ದಿನ ಗೈಡ್ ವೇನ್ (ಕಂಪ್ರೆಸರಿಗೆ ಹೋಗೋ ಗ್ಯಾಸ್ ಹೆಚ್ಚು ಕಮ್ಮಿ ಮಾಡೋ ರೆಕ್ಕೆ) ಲಿಂಕೇಜನ್ನೇ ಹಿಡ್ಕೊಂಡು ಒದ್ದಾಡಿದೀನಿ, ಕೊನೆಗೆ ಎಂಡ್ ಕವರ್ ತೆಗೆದ್ರೆ ಟ್ಯೂಬಿನ ಬಾಯಲ್ಲಿ ಉಗುರಲ್ಲಿ ಕೆರೆದ್ರೂ ಏಳದಷ್ಟು ಬಿಳೀ ಸ್ಕೇಲು!

ಆರ್-123 ಅನ್ನೋ ರೆಫ್ರಿಜರೆಂಟ್ ಗ್ಯಾಸಿನ ಮಷೀನಾದ್ರೆ ಗಾಳಿ ಮೇಲೆ ಜಾಸ್ತಿ ಅನುಮಾನ ಇರ್ಲಿ, ಆ ಗ್ಯಾಸು ಹೊರಗಿನ ಗಾಳಿ ಒತ್ತಡದಲ್ಲಿ ಕುದಿಯೋದೇ ಸುಮಾರು 28 ಡಿಗ್ರಿ ಸೆಲ್ಸಿಯಸ್‌ಗೆ, ಹಾಗಾಗಿ ಓಡುವಾಗ ಇವಾಪರೇಟರ್ (ಗ್ಯಾಸು ಕುದ್ದು ನೀರು ತಂಪು ಮಾಡೋ ಭಾಗ) ವ್ಯಾಕ್ಯೂಮಲ್ಲಿರತ್ತೆ, ಲೀಕ್ ಇದ್ರೆ ಗಾಳಿ ಒಳಗೆ ಎಳ್ಕೊಳತ್ತೆ. ಪರ್ಜ್ ಯೂನಿಟ್ (ಒಳಗೆ ಸೇರಿದ ಗಾಳಿ ಹೊರಗೆ ಹಾಕೋದು) ಓಡೋ ಟೈಮು ಹೆಚ್ತಾ ಹೋದ್ರೆ ಲೀಕ್ ಹುಡುಕಿ, ಪರ್ಜ್ ಇದ್ಯಲ್ಲ ಅಂತ ಸುಮ್ನಿರಬೇಡಿ. ಕೂಲಿಂಗ್ ಟವರ್ ನೀರು ಬಿಸಿ ಇದ್ರೂ, ಫ್ಲೋ ಕಮ್ಮಿ ಆದ್ರೂ, ಲೋಡ್ ತೀರಾ ಇಳಿದ್ರೂ ಸರ್ಜ್ ಬರತ್ತೆ.

ಸರ್ಜಲ್ಲಿ ಟ್ರಿಪ್ಪಾದ್ರೆ ರೀಸೆಟ್ ಒತ್ತಿ ಒತ್ತಿ ಸ್ಟಾರ್ಟ್ ಮಾಡ್ಬೇಡಿ ದಯವಿಟ್ಟು, ಥ್ರಸ್ಟ್ ಬೇರಿಂಗ್ ಹೋಗತ್ತೆ. ಮಷೀನು ನಿಲ್ಸಿದಾಗ ಆಯಿಲ್ ಹೀಟರ್ ಮಾತ್ರ ಆನಲ್ಲೇ ಇರ್ಲಿ, ಇಲ್ಲಾಂದ್ರೆ ಗ್ಯಾಸು ಆಯಿಲಲ್ಲಿ ಕರಗಿ ಸ್ಟಾರ್ಟಿಂಗಲ್ಲೇ ನೊರೆ ಎದ್ದು ಆಯಿಲ್ ಪ್ರೆಶರ್ ಬೀಳತ್ತೆ.