ಕ್ಲಾರಿನೆಟ್: ಮಕ್ಕಳಿಗೆ ಮೊದಲು ಕಿವಿಗೆ, ಆಮೇಲೆ ಕೈಗೆ

ಕಲಿಯಲು ಬಂದ ಮಕ್ಕಳ ಮುಂದೆ ನಾನು ಮೊದಲ ದಿನ ಕ್ಲಾರಿನೆಟ್ ಪೆಟ್ಟಿಗೆ ತೆರೆಯುವುದಿಲ್ಲ. ಹೊಳೆಯುವ ಕೀಗಳು ಕಣ್ಣಿಗೆ ಬಿದ್ದರೆ ಕೈ ಅಲ್ಲಿಗೇ ಓಡುತ್ತದೆ, ಕಿವಿ ಕೆಲಸ ಮಾಡುವುದಿಲ್ಲ. ಆ ದಿನಕ್ಕೆ ಒಂದು ಓಟೆ ಬಿದಿರಿನ ತುಂಡು ಸಾಕು: ನಡುವೆ ಗೆಣ್ಣಿಲ್ಲದ, ಎರಡೂ ಬಾಯಿ ತೆರೆದ, ಸುಮಾರು 20 ಸೆಂ.ಮೀ. ಉದ್ದದ್ದು. ಅಂಚಿಗೆ ತುಟಿಯಿಟ್ಟು ಅಡ್ಡಲಾಗಿ ಊದಿದರೆ ಒಂದು ಸ್ವರ. ಕೆಳಬಾಯಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಊದಿದರೆ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಪಾಶ್ಚಾತ್ಯ ಆರ್ಕೆಸ್ಟ್ರಾದ ಫ್ಲೂಟ್, ಕ್ಲಾರಿನೆಟ್ ಎರಡರ ಉದ್ದವೂ 66 ಸೆಂ.ಮೀ. ಆಸುಪಾಸು. ಆದರೂ ಕ್ಲಾರಿನೆಟ್ ಅಷ್ಟು ಮಂದ್ರಕ್ಕೆ ಇಳಿಯುವುದು ಇದೇ ಕಾರಣಕ್ಕೆ: ರೀಡ್ (ಊದಿದರೆ ನಡುಗುವ ತೆಳು ಎಸಳು) ಇರುವ ತುದಿ ಮುಚ್ಚಿದ ಬಾಯಿಯಂತೆ ವರ್ತಿಸುತ್ತದೆ.

ಮದುವೆಮನೆಯ ವಾಲಗ ಕೇಳಿ ಬೆಳೆದ ಮಕ್ಕಳಿಗೆ ಮುಂದಿನ ಪಾಠ ಸುಲಭ. ವಾಲಗದವರ ತುಟಿಯಲ್ಲಿರುವುದು ಜೋಡಿ ರೀಡ್. ಆರ್ಕೆಸ್ಟ್ರಾದಲ್ಲಿ ಅದರ ನೆಂಟ ಓಬೋ. ಕ್ಲಾರಿನೆಟ್‌ನದು ಒಂದೇ ಎಸಳು, ಮೌತ್‌ಪೀಸಿಗೆ ಬಡಿದು ನಡುಗುವಂಥದ್ದು. ಇನ್ನೊಂದು ವ್ಯತ್ಯಾಸವನ್ನು ಊದಿಯೇ ತೋರಿಸಬೇಕು. ಕೆಳಗೆ ಅಗಲವಾಗುತ್ತ ಹೋಗುವ ವಾದ್ಯದಲ್ಲಿ ಸ್ಥಾಯಿ ಹಾರಿಸಿದರೆ ಸ ಮೇಲಿನ ಸ ಆಗುತ್ತದೆ. ಕ್ಲಾರಿನೆಟ್‌ನಲ್ಲಿ ಎಡ ಹೆಬ್ಬೆರಳಿನ ರಿಜಿಸ್ಟರ್ ಕೀ ಒತ್ತಿದರೆ ಅದೇ ಬೆರಳುಗಳಲ್ಲಿ ಸ ಹೋಗಿ ಮೇಲಿನ ಪ ಬರುತ್ತದೆ. ಸರಳೆ ವರಸೆ ಹಾಡಿದ ಮಗು ಇದನ್ನು ತಕ್ಷಣ ಹಿಡಿಯುತ್ತದೆ.

ಕೇಳಿಸಲು ಎರಡು ಕೃತಿ ಸಾಕು. ರಷ್ಯಾದ ಸಂಗೀತಕಾರ ಪ್ರೊಕೋಫಿಯೆವ್ 1936ರಲ್ಲಿ ಬರೆದ 'ಪೀಟರ್ ಆ್ಯಂಡ್ ದ ವುಲ್ಫ್‌'ನಲ್ಲಿ ಹಕ್ಕಿ ಫ್ಲೂಟ್, ಬಾತು ಓಬೋ, ಬೆಕ್ಕು ಕ್ಲಾರಿನೆಟ್, ಅಜ್ಜ ಬಸೂನ್ (ಓಬೋದಂತೆ ಜೋಡಿ ರೀಡಿನ, ದಪ್ಪ ದನಿಯ ವಾದ್ಯ). ಬೆಕ್ಕು ಹೆಜ್ಜೆಯಿಡುವುದು ಕೆಳಸ್ವರಗಳಲ್ಲಿ, ಗಾಬರಿಯಿಂದ ಮರ ಹತ್ತುವಾಗ ಮೇಲಕ್ಕೆ. ಒಂದೇ ವಾದ್ಯಕ್ಕೆ ಎರಡು ಕಂಠ ಎಂಬುದು ಅಲ್ಲೇ ತಿಳಿಯುತ್ತದೆ. ಫ್ರಾನ್ಸಿನ ಸಾಂ-ಸಾನ್ಸ್ 1886ರಲ್ಲಿ ಬರೆದ 'ಕಾರ್ನಿವಲ್ ಆಫ್ ದಿ ಆ್ಯನಿಮಲ್ಸ್‌'ನ ಕುಕ್ಕೂ ಹಕ್ಕಿಯ ಭಾಗದಲ್ಲಿ ಕ್ಲಾರಿನೆಟ್‌ನವರು ವೇದಿಕೆಯ ಮರೆಯಲ್ಲಿ ನಿಂತು ಎರಡೇ ಸ್ವರ ಊದುತ್ತಾರೆ. ನಮ್ಮ ತೋಟದ ಕೋಗಿಲೆ ಏರುತ್ತ ಕೂಗಿದರೆ ಇದು ಇಳಿಯುತ್ತದೆ. ಮಕ್ಕಳು ನಾನು ಹೇಳುವ ಮೊದಲೇ ಅದನ್ನು ಗಮನಿಸುತ್ತಾರೆ.

ಆರ್ಕೆಸ್ಟ್ರಾದ ಜಾಗ ತೋರಿಸಲು ಕುರ್ಚಿಗಳೇ ಬೇಕು, ಚಿತ್ರ ನಾಟುವುದಿಲ್ಲ. ಮುಂದೆ ಅರ್ಧಚಂದ್ರವಾಗಿ ತಂತಿವಾದ್ಯಗಳು. ಅವುಗಳ ಹಿಂದೆ ನಡುಮಧ್ಯೆ ಎರಡು ಸಾಲು: ಮುಂದಿನದರಲ್ಲಿ ಫ್ಲೂಟ್, ಓಬೋ, ಹಿಂದಿನದರಲ್ಲಿ ಕ್ಲಾರಿನೆಟ್, ಬಸೂನ್. ಅದರಾಚೆ ಹಿತ್ತಾಳೆ ವಾದ್ಯಗಳು, ತಾಳವಾದ್ಯಗಳು. ಪಿಟೀಲಿನಲ್ಲಿ ಹತ್ತಾರು ಜನ ಒಂದೇ ಸ್ವರಸಾಲು ನುಡಿಸಿದರೆ, ಫ್ಲೂಟ್-ಕ್ಲಾರಿನೆಟ್‌ಗಳ ಈ ಎರಡು ಸಾಲಿನಲ್ಲಿ ಒಬ್ಬೊಬ್ಬರದೂ ಬೇರೆ ಸ್ವರಸಾಲು. ಪಕ್ಕದವರ ಉಸಿರು ಕೇಳುವಷ್ಟು ಹತ್ತಿರ ಕೂರಲೇಬೇಕು.

ಇನ್ನು ಕೈಗೆ. ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಗಟ್ಟಿಯಾಗಿರಬೇಕು, ತೂತುಗಳು ಬೆರಳಿನಡಿ ಪೂರ್ತಿ ಮುಚ್ಚಬೇಕು. ವಯಸ್ಸಿಗಿಂತ ಇದು ಮುಖ್ಯ. ಮೊದಲು ಮೌತ್‌ಪೀಸ್ ಮತ್ತು ಅದರ ಕೆಳಗಿನ ಗಿಡ್ಡ ತುಂಡಾದ ಬ್ಯಾರೆಲ್ ಮಾತ್ರ. ರೀಡ್ 1.5 ಅಥವಾ 2 ನಂಬರಿನ ಮೆತ್ತನೆಯದು, ಬಾಯಲ್ಲಿ ಒಂದು ನಿಮಿಷ ನೆನೆಸಿ. ರೀಡಿನ ತುದಿಯ ಮೇಲೆ ಮೌತ್‌ಪೀಸಿನ ಕಪ್ಪು ಕೂದಲೆಳೆಯಷ್ಟು ಕಾಣಬೇಕು. ಕೆಳತುಟಿ ಕೆಳಹಲ್ಲಿನ ಮೇಲೆ ಮಡಚಿ, ಮೇಲುಹಲ್ಲು ನೇರ ಮೌತ್‌ಪೀಸಿನ ಮೇಲೆ, ಕೆನ್ನೆ ಉಬ್ಬಬಾರದು. ಕೀಬೋರ್ಡಿನ ಎಫ್ ಶಾರ್ಪ್ ಹತ್ತಿರ ಸ್ವರ ನಿಂತರೆ ಬಾಯಿ ಸರಿಯಿದೆ. ತೀರಾ ಕೆಳಗಿದ್ದರೆ ತುಟಿ ಸಡಿಲ, ಮೇಲಕ್ಕೆ ಹೋಗಿ ಕಿರಿದಾದರೆ ಕಚ್ಚುತ್ತಿದ್ದಾರೆ.

ಜೋಡಿಸುವಾಗ ಮೇಲಿನ ತುಂಡಿನ ತೂತುಗಳ ಸುತ್ತಲಿನ ಉಂಗುರಗಳನ್ನು ಒತ್ತಿ ಹಿಡಿದರೆ, ಎರಡು ತುಂಡನ್ನು ಬೆಸೆಯುವ ಸೇತುವೆ ಕೀ ಎದ್ದು ನಿಲ್ಲುತ್ತದೆ. ಆಗಲೇ ಕೆಳಗಿನ ತುಂಡನ್ನು ತಿರುಗಿಸಿ ಸೇರಿಸಬೇಕು. ಒತ್ತದೆ ತಿರುಗಿಸಿದರೆ ಆ ಕೀ ಬಾಗುತ್ತದೆ. ಜೋಡಣೆಯ ಕಾರ್ಕಿಗೆ ಗ್ರೀಸ್ ತೆಳ್ಳಗೆ ಸವರಿರಬೇಕು.

ಕೀರಲು ದನಿಗೆ ಮಕ್ಕಳು ರೀಡನ್ನು ದೂರುತ್ತಾರೆ. ಬಹುಪಾಲು ತಪ್ಪು ಬಲಗೈ ಉಂಗುರ ಬೆರಳಿನದು. ಎಲ್ಲ ತೂತು ಮುಚ್ಚಿ ಹತ್ತು ಸೆಕೆಂಡು ಒತ್ತಿ, ಬೆರಳು ತಿರುಗಿಸಿ ನೋಡಿ: ಪೂರ್ತಿ ದುಂಡು ಅಚ್ಚು ಮೂಡಿರಬೇಕು. ಅರ್ಧಚಂದ್ರ ಕಂಡರೆ ಅಲ್ಲೇ ಗಾಳಿ ಸೋರುತ್ತಿದೆ.

ಕೊಡಗಿನಲ್ಲಿ ಮಕ್ಕಳಿಗೆ ನಾನು ಪ್ಲಾಸ್ಟಿಕ್ ಕ್ಲಾರಿನೆಟ್ಟನ್ನೇ ಹೇಳುವುದು. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಮರ ಉಬ್ಬಿ ಜೋಡಣೆ ಬಿಗಿಯುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ತಣ್ಣಗಿನ ಮರದೊಳಗೆ ಒಮ್ಮೆಲೇ ಬಿಸಿ ಉಸಿರು ಹೋದರೆ ಸೀಳಬಹುದು. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ಆ ಒದ್ದೆ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಬೂಷ್ಟು ಹಿಡಿಯುತ್ತದೆ. ಬಟ್ಟೆ ಒಣಗಿಸುವಂತೆ ಒಲೆಯ ಮೇಲ್ಗಡೆ ವಾದ್ಯವನ್ನಂತೂ ಇಡಲೇಬಾರದು: ಅಂಟು ಕರಗಿ, ಕೀಯ ಕೆಳಗೆ ತೂತು ಮುಚ್ಚುವ ಮೆತ್ತೆಯಾದ ಪ್ಯಾಡ್ ಕಳಚುತ್ತದೆ. ಪ್ಯಾಡ್ ಅಂಟಿಕೊಂಡು ಚಟ್ ಎನ್ನುತ್ತಿದ್ದರೆ ಸಿಗರೇಟ್ ಕಾಗದದ ಚೂರು ಒಳಗಿಟ್ಟು ಕೀಯನ್ನು ಮೆಲ್ಲಗೆ ಒತ್ತಿ ಬಿಡಿ. ಕಾಗದ ತೇವ ಹೀರಿಕೊಳ್ಳುತ್ತದೆ. ಒತ್ತಿ ಹಿಡಿದೇ ಎಳೆದರೆ ಪ್ಯಾಡಿನ ತೆಳುಪೊರೆ ಹರಿಯುತ್ತದೆ.